ಹಿಂದಕ್ಕೆ ಸರಿಯುವ ವಿದ್ಯೆ

ಮುಂದೆ ಹೋಗುವವರನ್ನು ಕಂಡರೆ ನಮಗೆಲ್ಲ ಗೌರವ. ಮಕ್ಕಳು ಕಾಲಿಗೆರಗಿದರೆ "ಚೆನ್ನಾಗಿ ಓದಿ ಮುಂದೆ ಬಾ" ಎಂದು ಹರಸುತ್ತೇವೆ. ಫಲಿತಾಂಶದ ದಿನ "ಮುಂದಿನ ತರಗತಿಗೆ ತೇರ್ಗಡೆಯಾಗಿದ್ದಾನೆ" ಎಂದು ಬರೆದು ಸಹಿ ಹಾಕುತ್ತೇವೆ. ಹಿಂದೆ ಬಿದ್ದವನು, ಹಿಂಜರಿದವನು, ಹಿಮ್ಮೆಟ್ಟಿದವನು ಎಂಬ ಮಾತುಗಳನ್ನು ಮಾತ್ರ ಸ್ವಲ್ಪ ದನಿ ತಗ್ಗಿಸಿಯೇ ಆಡುತ್ತೇವೆ. ಹಿಂದಕ್ಕೆ ಸರಿಯುವುದೂ ಒಂದು ವಿದ್ಯೆ, ಅದನ್ನೂ ಗುರುಮುಖೇನ ಕಲಿಯಬೇಕು, ಕಲಿಯದಿದ್ದರೆ ಪೆಟ್ಟು ಬೀಳುವುದು ನಮಗಲ್ಲ, ಪಕ್ಕದವರಿಗೆ ಎಂಬ ವಿಚಾರ ನನ್ನ ತಲೆಯಲ್ಲಿ ಸುಳಿದಾಡತೊಡಗಿದ್ದು ನನ್ನ ಐವತ್ಮೂರನೆಯ ವಯಸ್ಸಿನಲ್ಲಿ, ಕಾರು ಕಲಿಯುವಾಗ. ಅದರಲ್ಲೂ ರಸ್ತೆಯಂಚಿನಲ್ಲಿ ಒಂದರ ಹಿಂದೊಂದು ನಿಂತ ಎರಡು ಕಾರುಗಳ ನಡುವಿನ ಜಾಗಕ್ಕೆ ಮೂರನೆಯದನ್ನು ಹಿಮ್ಮುಖವಾಗಿ ಸೇರಿಸುವುದನ್ನು ಕಲಿಯುವಾಗ. ಇದಕ್ಕೆ ಪ್ಯಾರಲಲ್ ಪಾರ್ಕಿಂಗ್ ಎಂದು ಹೆಸರು. ಕನ್ನಡದ ಮೇಡಮ್ ಆದ ನಾನು ಇದನ್ನು 'ಸಮಾಂತರ ನಿಲುಗಡೆ' ಎಂದು ಅನುವಾದಿಸಬಲ್ಲೆ. ಆದರೆ ಸಮಾಂತರ ನಿಲುಗಡೆ ಮಾಡುತ್ತಿದ್ದೇನೆ ಎಂದು ಕೂಗಿದರೆ ಹಿಂದಿನ ಆಟೋದವನು ಹಾರನ್ ನಿಲ್ಲಿಸುವುದಿಲ್ಲ. ಆದ್ದರಿಂದ ಜನ ಆಡುವ ಹೆಸರಿನಿಂದಲೇ ಕರೆಯೋಣ.

ನನ್ನನ್ನು ಕಾಡಿದ ಪ್ರಶ್ನೆ ಇಷ್ಟು: ಕೈಗೆ ಒಂದು ಕೆಲಸ ಬಾರದಿರುವುದು ಬರೀ ಕೊರತೆಯೋ, ಅಥವಾ ಕೆಲವೊಮ್ಮೆ ಅದು ನೀತಿಯ ತಪ್ಪೂ ಹೌದೋ? ಮನಸ್ಸು ಒಳ್ಳೆಯದಿದ್ದರೆ ಸಾಕು ಎಂದು ನಾವು ಮತ್ತೆ ಮತ್ತೆ ಹೇಳುತ್ತೇವಲ್ಲ, ನಿಜವಾಗಿ ಸಾಕೇ?

ನಾನು ಶೋಕಿಗೆ ಕಾರು ಕಲಿತವಳಲ್ಲ. ನಮ್ಮ ಅತ್ತೆಗೆ ಎಂಬತ್ತನಾಲ್ಕು ವರ್ಷ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾರಕ್ಕೆರಡು ಸಲ ವ್ಯಾಯಾಮ ಚಿಕಿತ್ಸೆಗೆ ಹೋಗಬೇಕಾಯಿತು. ಆಟೋ ಹತ್ತಲು ಅವರ ಕಾಲು ಮಡಚುತ್ತಿರಲಿಲ್ಲ. ನನ್ನ ಯಜಮಾನರ ಕಣ್ಣಿಗೆ ಸಕ್ಕರೆ ಕಾಯಿಲೆಯ ತೊಂದರೆ ಇರುವುದರಿಂದ ಅವರು ಸ್ಟಿಯರಿಂಗ್ ಮುಟ್ಟುವುದನ್ನು ಬಿಟ್ಟಿದ್ದರು. ಮಗ ಪುಣೆಗೆ ಹೋಗುವಾಗ ಬಿಟ್ಟುಹೋದ ಹಳೆಯ ಆಲ್ಟೊ ಮನೆಯ ಮುಂದೆ ಧೂಳು ತಿನ್ನುತ್ತಿತ್ತು. ಮುಂದಕ್ಕೆ ಓಡಿಸುವುದು ಮೂರು ವಾರದಲ್ಲಿ ಬಂತು. ಆದರೆ ಚಿಕಿತ್ಸಾಲಯದ ರಸ್ತೆಯಲ್ಲಿ ಕಾರು ನಿಲ್ಲಿಸಲು ಬಾರದಿದ್ದರೆ ಓಡಿಸಲು ಬಂದು ಏನು ಪ್ರಯೋಜನ? ದೂರದ ಬಯಲಿನಲ್ಲಿ ನಿಲ್ಲಿಸಿದರೆ ಅತ್ತೆ ವಾಕರ್ ಹಿಡಿದು ನೂರಿಪ್ಪತ್ತು ಹೆಜ್ಜೆ ನಡೆಯಬೇಕು. ಬಾಗಿಲ ಹತ್ತಿರದ ಸಾಲಿನಲ್ಲಿ ಕಾರನ್ನು ಸೇರಿಸಲು ಬಂದರೆ ಹತ್ತು ಹನ್ನೆರಡು ಹೆಜ್ಜೆ. ನನ್ನ ಕಲಿಕೆಯ ಪ್ರಗತಿಪತ್ರವನ್ನು ಅವರ ಹೆಜ್ಜೆಗಳಲ್ಲಿ ಬರೆಯಬಹುದಿತ್ತು.

ಆ ರಸ್ತೆ ಮೈಸೂರಿನ ಹಳೆಯ ಬಡಾವಣೆಗಳಲ್ಲೊಂದರಲ್ಲಿದೆ. ಪ್ಲೇಗಿನ ಕಾಲ ಕಳೆದ ಮೇಲೆ, 1903ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನವರು ಊರಿಗೆ ಗಾಳಿ ಬೆಳಕು ಬರಲೆಂದು ಹೊಸ ಬಡಾವಣೆಗಳನ್ನು ಮಾಡಿದರು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಸಂದುಗಳನ್ನೂ ಬಿಟ್ಟರು. ಅವರ ಲೆಕ್ಕದಲ್ಲಿದ್ದದ್ದು ನಡೆಯುವ ಜನ, ಸೈಕಲ್ಲು, ಜಟಕಾ. ಜಟಕಾದ ಕುದುರೆಯನ್ನು ಬಿಚ್ಚಿ ಕಟ್ಟಬಹುದು, ಗಾಡಿಯ ಮೂಕಿಯನ್ನು ಎತ್ತಿ ಕೈಯಲ್ಲೇ ತಿರುಗಿಸಬಹುದು. ಕಾರನ್ನು ಹಾಗೆ ಮಾಡಲಾಗದು. 1983ರಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದ ಮನೆಗಳ ಮುಂದೆಯೂ ಕಾರು ನಿಲ್ಲತೊಡಗಿತು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡಗಿರುವ ಸಣ್ಣ ಕಾರುಗಳಿಗೆ ತೆರಿಗೆ ಇಳಿಸಿದ್ದರಿಂದ ನಮ್ಮ ದೇಶದ ಎಷ್ಟೋ ಕಾರುಗಳು ಆ ಅಳತೆಯೊಳಗೇ ಹುಟ್ಟುತ್ತವೆ. ಆದರೂ ರಸ್ತೆಯ ಅಂಚು ಬೆಳೆಯಲಿಲ್ಲ. ಹಾಗಾಗಿ ಒಂದು ಕಾರು ಹೊಕ್ಕ ಜಾಗ ಇನ್ನೊಬ್ಬರು ಬಿಟ್ಟುಕೊಟ್ಟ ಜಾಗವೇ ಆಗಿರುತ್ತದೆ.

ನನಗೆ ಕಲಿಸಿದ ಡ್ರೈವಿಂಗ್ ಶಾಲೆಯ ಹುಡುಗನಿಗೆ ನನ್ನ ಮಗನ ವಯಸ್ಸು. "ಮೇಡಮ್, ಕೂತ್ಕೊಳೋಕೆ ಮುಂಚೆ ಒಂದು ಪ್ರದಕ್ಷಿಣೆ ಹಾಕಿ" ಎಂಬುದು ಅವನ ಮೊದಲ ಪಾಠ. ಅದು ಭಕ್ತಿಯ ಮಾತಲ್ಲ. ಕಾರಿನ ಕೆಳಗೆ ನೆರಳಿಗೆ ನಾಯಿ ಮಲಗಿರುತ್ತದೆ, ಹಿಂಬದಿಯಲ್ಲಿ ಎರಡಡಿ ಎತ್ತರದ ಮಗು ಗೋಲಿ ಹೆಕ್ಕುತ್ತಿರುತ್ತದೆ, ಸೀಟಿನಲ್ಲಿ ಕೂತ ಮೇಲೆ ಇವೆರಡೂ ಕನ್ನಡಿಗೆ ಕಾಣುವುದಿಲ್ಲ. ಬಡಾವಣೆಯ ಮೈದಾನದಲ್ಲಿ ಅವನು ಬಿದಿರಿನ ಗಳುಗಳನ್ನು ಮಣ್ಣು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿ ಎರಡು ಕಾರುಗಳನ್ನು ಸೃಷ್ಟಿ ಮಾಡಿದ. ಮುಂದಿನ ಕಾರಿನ ಪಕ್ಕಕ್ಕೆ ಎರಡು ಮೂರಡಿ ಅಂತರ ಬಿಟ್ಟು, ಎರಡರ ಹಿಂದಿನ ಬಂಪರುಗಳೂ ಒಂದೇ ಸಾಲಿಗೆ ಬರುವಂತೆ ನಿಲ್ಲಬೇಕು. ಎಡಗಡೆಯ ಇಂಡಿಕೇಟರ್ ಹಾಕಿರಬೇಕು. ಸುತ್ತ ನೋಡಿ, ಕ್ಲಚ್ಚಿನ ಮೇಲೆ ಇರುವೆ ಹರಿದಷ್ಟು ನಿಧಾನವಾಗಿ ಹಿಂದಕ್ಕೆ ಬಿಡುತ್ತ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕು. ಹಿಂದಿನ ಕಾರಿನ ಬಲಗಡೆಯ ದೀಪ ನಮ್ಮ ಬಲಗನ್ನಡಿಯಲ್ಲಿ ಕಂಡಾಗ ಚಕ್ರ ನೇರ ಮಾಡಬೇಕು. ನಮ್ಮ ಮೂತಿಯ ಎಡಮೂಲೆ ಮುಂದಿನ ಕಾರನ್ನು ದಾಟಿತು ಎಂದಾಗ ಪೂರ್ತಿ ಬಲಕ್ಕೆ ತಿರುಗಿಸಬೇಕು. ಮೂತಿ ತಾನಾಗಿ ಒಳಗೆ ಬಂದು ಕೂರುತ್ತದೆ. ಫುಟ್‌ಪಾತಿನ ಕಲ್ಲಿಗೂ ಗಾಲಿಗೂ ಒಂದಡಿ ಅಂತರವಿದ್ದರೆ ಚೆಂದ. ಅದಕ್ಕಿಂತ ಹತ್ತಿರವಾದರೆ ಎಡಬಾಗಿಲು ಕಲ್ಲಿಗೆ ತಾಗುತ್ತದೆ, ದೂರವಾದರೆ ಅತ್ತೆ ಮೊದಲು ರಸ್ತೆಗಿಳಿದು ಮತ್ತೆ ಮೇಲೆ ಹತ್ತಬೇಕು.

ಮುಂದಿನಿಂದಲೇ ಯಾಕೆ ನುಗ್ಗಬಾರದು ಎಂದು ಕೇಳಿದೆ. ಅವನು ಗಾಲಿ ತೋರಿಸಿದ. ತಿರುಗುವ ಗಾಲಿಗಳು ಇರುವುದು ಮುಂದೆ. ಮುಂದಕ್ಕೆ ಹೊಕ್ಕರೆ ಹಿಂದಿನ ಗಾಲಿಗಳು ಒಳಗಿನ ಹತ್ತಿರದ ದಾರಿ ಹಿಡಿದು ಕಲ್ಲು ಹತ್ತುತ್ತವೆ, ಬಾಲ ರಸ್ತೆಯಲ್ಲೇ ಉಳಿಯುತ್ತದೆ. ಹಿಂದಕ್ಕೆ ಹೋದರೆ ತಿರುಗದ ಗಾಲಿಗಳು ಮೊದಲು ಮೂಲೆ ಸೇರುತ್ತವೆ, ತಿರುಗುವವು ಆಮೇಲೆ ಬಂದು ಹೊಂದಿಕೊಳ್ಳುತ್ತವೆ. ಆದರೆ ಬಾಲ ಒಳಗೆ ಹೋಗುವಾಗ ಮೂತಿ ರಸ್ತೆಯ ಕಡೆಗೆ ಬೀಸುತ್ತದೆ. ಆಗ ಬಲಗಡೆಯಿಂದ ಬರುವ ಸ್ಕೂಟರಿನವನನ್ನು ನೋಡದಿದ್ದರೆ ಅವನ ಗತಿಯೇನು? ಹಿಂದೆ ನೋಡುತ್ತಲೇ ಮುಂದೆಯೂ ನೋಡಬೇಕು. ಇದನ್ನೆಲ್ಲ ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಲಂಡನ್ನಿನ ರಾಯಲ್ ಹಾಲೊವೇಯಲ್ಲಿ ಪ್ರಾಧ್ಯಾಪಕರಾದ ಸೈಮನ್ ಬ್ಲ್ಯಾಕ್‌ಬರ್ನ್ ಎಂಬ ಗಣಿತಜ್ಞರು 2009ರಲ್ಲಿ ಇದಕ್ಕೊಂದು ಸೂತ್ರವನ್ನೇ ಬರೆದಿದ್ದಾರೆ ಎಂದರು. ಕಾರು ತಿರುಗುವ ವೃತ್ತದ ತ್ರಿಜ್ಯ, ಎರಡು ಜೊತೆ ಗಾಲಿಗಳ ನಡುವಿನ ದೂರ, ಮುಂಗಾಲಿಯಿಂದ ಮೂತಿಯ ತುದಿಗೆ ಇರುವ ದೂರ, ಪಕ್ಕದ ಕಾರಿನ ಅಗಲ ಗೊತ್ತಿದ್ದರೆ ಕನಿಷ್ಠ ಎಷ್ಟು ಜಾಗ ಬೇಕು ಎಂದು ಪೈಥಾಗೊರಸನ ಪ್ರಮೇಯದಿಂದಲೇ ತೆಗೆಯಬಹುದಂತೆ. ಎಂಟನೆಯ ತರಗತಿಯ ಮಕ್ಕಳು "ಇದು ಯಾವ ಉಪಯೋಗಕ್ಕೆ ಸಾರ್?" ಎಂದು ಕೇಳುವಾಗ ಕೊಡಲು ಅವರಿಗೊಂದು ಉತ್ತರ ಸಿಕ್ಕಿತು. ನನಗೆ ಮಾತ್ರ ಸೂತ್ರ ತಿಳಿದ ಮೇಲೂ ಕೈ ಬರಲು ಇನ್ನೊಂದು ತಿಂಗಳು ಬೇಕಾಯಿತು.

ಈ ನಡುವೆ ಸ್ಟಾಫ್ ರೂಮಿನಲ್ಲಿ ಒಂದು ಚರ್ಚೆ ಎದ್ದಿತು. ನಮ್ಮ ಹಿಂದಿ ಟೀಚರ್ ಹೊಸದಾಗಿ ಕೊಂಡ ಕಾರನ್ನು ಪೇಟೆಯಲ್ಲಿ ನಿಲ್ಲಿಸಿ ಬಟ್ಟೆ ತರಲು ಹೋಗಿದ್ದರು. ಬಂದು ನೋಡಿದರೆ ಬಾಗಿಲಿನಿಂದ ಹಿಂಗಾಲಿಯವರೆಗೆ ಉದ್ದಕ್ಕೆ ಗೀರು. ವೈಪರಿನಡಿ ಒಂದು ಚೀಟಿ: "ದಯವಿಟ್ಟು ಕ್ಷಮಿಸಿ, ಬೇಕೆಂದು ಮಾಡಿದ್ದಲ್ಲ." ಹೆಸರಿಲ್ಲ, ಫೋನ್ ನಂಬರಿಲ್ಲ. ಸ್ಟಾಫ್ ರೂಮು ಎರಡು ಭಾಗವಾಯಿತು. ಪಾಪ, ಒಳ್ಳೆಯ ಮನುಷ್ಯ, ಚೀಟಿಯನ್ನಾದರೂ ಇಟ್ಟ, ಎಷ್ಟು ಜನ ಹಾಗೆ ಮಾಡುತ್ತಾರೆ ಎಂದು ಕೆಲವರು. "ಅವನ ಒಳ್ಳೆಯ ಮನಸ್ಸನ್ನು ಗ್ಯಾರೇಜಿಗೆ ತಗೊಂಡು ಹೋದ್ರೆ ಬಣ್ಣ ಬಳೀತಾರಾ?" ಎಂದು ಹಿಂದಿ ಟೀಚರ್. ನಾವು ನಕ್ಕೆವು. ಆದರೆ ಆ ಚೀಟಿಯ ಎರಡನೆಯ ಮಾತು, 'ಬೇಕೆಂದು ಮಾಡಿದ್ದಲ್ಲ' ಎಂಬುದು, ನನ್ನನ್ನು ಬಹಳ ದಿನ ಬಿಡಲಿಲ್ಲ. ಮಕ್ಕಳು ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ನಾವು ದೊಡ್ಡವರೂ ಆಡುತ್ತೇವೆ. ಅದು ನಿಜವೇ ಆಗಿದ್ದರೂ ಎಷ್ಟು ದೂರ ನಮ್ಮನ್ನು ಕಾಪಾಡುತ್ತದೆ?

ಅತ್ತೆಯ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳಿದ್ದರು. ಒಬ್ಬಳು ಬಲು ಪ್ರೀತಿಯ ಹುಡುಗಿ. "ಅಜ್ಜಿ, ಅಜ್ಜಿ" ಎಂದು ಕೆನ್ನೆ ಸವರಿ ಮಾತಾಡುವಳು, ಆದರೆ ರಕ್ತನಾಳ ಸಿಗದೆ ನಾಲ್ಕು ಕಡೆ ಚುಚ್ಚುವಳು. ಇನ್ನೊಬ್ಬಾಕೆ ಮುಖ ಗಂಟಿಕ್ಕಿಕೊಂಡೇ ಬರುವರು, ಒಂದೇ ಸಲಕ್ಕೆ ಮುಗಿಸಿ ಹೋಗುವರು. ಅತ್ತೆ ಎರಡನೆಯವರಿಗಾಗಿ ಕಾಯುತ್ತಿದ್ದರು. "ಮಾತು ಒರಟು, ಕೈ ಮೆದು" ಎಂದು ಅವರ ತೀರ್ಪು. ನೋವು ಉಣ್ಣುವವರ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಗೀರು ಬಿದ್ದ ಬಾಗಿಲಿಗೆ ಲೆಕ್ಕಿಸದವನು ಗೀರಿದನೋ, ಲೆಕ್ಕಿಸಿಯೂ ಕೈಲಾಗದವನು ಗೀರಿದನೋ ಎಂಬ ಭೇದವಿಲ್ಲ.

ಹಾಗೆಂದು ಕೈ ಬಾರದವರನ್ನೆಲ್ಲ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಿದರೆ ಅದು ಕ್ರೌರ್ಯ. ನಡೆಯಲು ಕಲಿಯುವ ಮಗು ನೀರಿನ ಚೊಂಬು ಉರುಳಿಸಿದರೆ ಯಾರೂ ಅದನ್ನು ಪಾಪ ಎನ್ನುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದರೆ, ಒಂದು ಉಪಕರಣವನ್ನು ನಾವಾಗಿ ಕೈಗೆತ್ತಿಕೊಂಡ ಗಳಿಗೆಯಲ್ಲಿದೆ. ಯಾರೂ ನನ್ನ ಕೈಗೆ ಸ್ಟಿಯರಿಂಗನ್ನು ಕಟ್ಟಿರಲಿಲ್ಲ, ಹಿಡಿದವಳು ನಾನು. ಹಿಡಿದ ಮೇಲೆ, ಅದನ್ನು ನಡೆಸುವಷ್ಟು ಕಲಿಯುವುದು ನನ್ನ ಇಷ್ಟಾನಿಷ್ಟದ ಮಾತಾಗಿ ಉಳಿಯಲಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲೈಸೆನ್ಸು ಬೇಡುವವರು ಇಕ್ಕಟ್ಟಾದ ಜಾಗಕ್ಕೆ ಗಾಡಿಯನ್ನು ಹಿಮ್ಮುಖವಾಗಿ, ಹತೋಟಿ ತಪ್ಪದೆ, ತಕ್ಕಮಟ್ಟಿನ ಕರಾರುವಾಕ್ಕಿನಿಂದ ಸೇರಿಸಿ ತೋರಿಸಬೇಕು. ನೀನು ಸಜ್ಜನನೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಕ್ಕಳನ್ನು ಪ್ರೀತಿಸುತ್ತೇನೆ, ಆದರೆ ವ್ಯಾಕರಣ ಬರುವುದಿಲ್ಲ ಎನ್ನುವ ಕನ್ನಡ ಟೀಚರನ್ನು ನಾವು ಒಪ್ಪುತ್ತೇವೆಯೇ? ಪ್ರೀತಿ ಇದ್ದದ್ದೇ ಆದರೆ ಅದು ಅವಳನ್ನು ರಾತ್ರಿ ಕೂತು ವ್ಯಾಕರಣ ಓದುವಂತೆ ಮಾಡಬೇಕಿತ್ತು.

ಇಲ್ಲೊಂದು ತೊಡಕಿದೆ. ಕಲಿಯದೆ ಹೊರಡಬಾರದು ಎಂದರೆ, ಹೊರಡದೆ ಕಲಿಯುವುದು ಹೇಗೆ? ಬಿ.ಎಡ್. ಮಾಡುವಾಗ ನಾವು ಅಭ್ಯಾಸಪಾಠ ಮಾಡಿದ್ದು ಬಿದಿರಿನ ಗಳುಗಳ ಮುಂದಲ್ಲ, ನಿಜವಾದ ಮಕ್ಕಳ ಮುಂದೆ. ಆ ಮಕ್ಕಳ ಆ ಗಂಟೆ ನಮ್ಮ ತೊದಲಿಗೆ ಖರ್ಚಾಯಿತು. ಹೊಸ ಡಾಕ್ಟರ ಮೊದಲ ಹೊಲಿಗೆ ಯಾರದೋ ಚರ್ಮದ ಮೇಲೇ ಬೀಳಬೇಕು. ಯೋಚಿಸಿದರೆ, ಕಲಿಯುವವರಿಗೆ ಸಮಾಜ ಒಂದು ಸಾಲ ಕೊಡುತ್ತದೆ. ಗಾಜಿಗೆ ಅಂಟಿಸಿದ ಆ ಕೆಂಪು 'ಎಲ್' ಅಕ್ಷರ ಸಾಲಪತ್ರವೇ ಸರಿ. ನನ್ನ ನಿಧಾನವನ್ನು ಸ್ವಲ್ಪ ದಿನ ಸಹಿಸಿಕೊಳ್ಳಿ, ನನ್ನ ಪಕ್ಕದಲ್ಲಿ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಬಲ್ಲವನೊಬ್ಬ ಕೂತಿದ್ದಾನೆ ಎಂದು ಅದು ಬೇಡಿಕೊಳ್ಳುತ್ತದೆ. ಸಾಲ ತೆಗೆದುಕೊಂಡದ್ದು ತಪ್ಪಲ್ಲ. ತೀರಿಸದೆ ಜೀವನಪೂರ್ತಿ 'ಬೇಕೆಂದು ಮಾಡಿದ್ದಲ್ಲ' ಎಂದು ಬಡ್ಡಿಯನ್ನು ಮಾತಿನಲ್ಲೇ ಕಟ್ಟುತ್ತ ಹೋಗುವುದು ತಪ್ಪು. ಇನ್ನು ಎಷ್ಟು ಕಲಿತರೂ ಕೈಗೆ ಬಾರದವರಿರುತ್ತಾರೆ, ವಯಸ್ಸಾಗಿ ಕತ್ತು ತಿರುಗದವರಿರುತ್ತಾರೆ. ಅವರಿಗೂ ದಾರಿಯಿದೆ: ಚಿಕ್ಕ ಜಾಗ ಕಂಡರೆ ಬಿಟ್ಟುಬಿಡುವುದು, ಬಯಲಿನಲ್ಲಿ ನಿಲ್ಲಿಸಿ ನಡೆಯುವುದು, ನಾಚಿಕೆಯಿಲ್ಲದೆ ಒಬ್ಬರನ್ನು ಕರೆದು ದಾರಿ ತೋರಿಸಿ ಎನ್ನುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ದುಡ್ಡಿನ ವಿಚಾರಕ್ಕೇ ಮೀಸಲಿಟ್ಟಿದ್ದೇವೆ, ರಸ್ತೆಯಂಚಿಗೂ ಅದು ಸಲ್ಲುತ್ತದೆ.

ಹಾಗಾದರೆ ಕೌಶಲವೇ ನೀತಿಯೇ? ಅದೂ ಅಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಬೀದಿಗಳಲ್ಲೇ ಇದೆ. ಒಂದಿಂಚೂ ಅತ್ತಿತ್ತ ಆಗದಂತೆ, ನೋಡಿದರೆ ಕೈ ಮುಗಿಯಬೇಕು ಎನ್ನಿಸುವಷ್ಟು ಚೆನ್ನಾಗಿ, ಗಾಲಿಕುರ್ಚಿ ಇಳಿಯುವ ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ ಹೋಗಿರುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ಇತರರಿಗೆ ಅಪಾಯ, ಅಡಚಣೆ, ಅತಿಯಾದ ಅನನುಕೂಲ ಆಗುವಂತೆ ಸಾರ್ವಜನಿಕ ಜಾಗದಲ್ಲಿ ಗಾಡಿ ನಿಲ್ಲಿಸಬಾರದು ಎನ್ನುತ್ತದೆ. ಆ ಕಲಮಿಗೆ ನಿಲ್ಲಿಸಿದವರ ಕೈಚಳಕದ ಗೊಡವೆಯಿಲ್ಲ. ಎಲ್ಲಿ ಎಂಬುದನ್ನು ಕೇಳುತ್ತದೆ, ಯಾರಿಗೆ ತೊಂದರೆ ಎಂಬುದನ್ನು ಕೇಳುತ್ತದೆ. ಈ ಎರಡು ಪ್ರಶ್ನೆಗಳಿಗೆ ಕೈ ಉತ್ತರ ಕೊಡಲಾರದು, ಮನಸ್ಸೇ ಕೊಡಬೇಕು.

ನನಗೆ ಆ ಪ್ರಶ್ನೆ ಎದುರಾದದ್ದು ಒಬ್ಬ ಹೂ ಮಾರುವಾಕೆಯ ರೂಪದಲ್ಲಿ. ಚಿಕಿತ್ಸಾಲಯದ ಗೇಟಿನ ಪಕ್ಕದಲ್ಲಿ ಒಂದು ದೀಪದ ಕಂಬ. ಕಂಬದ ಆಚೆ ರಸ್ತೆಯಂಚಿನಲ್ಲಿ ಗೋಣಿತಾಟು ಹಾಸಿ, ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಬುಟ್ಟಿ ಇಟ್ಟುಕೊಂಡು ಆಕೆ ಕೂರುತ್ತಾರೆ. ಅವರು ಕೂತ ಜಾಗಕ್ಕೆ ಕಾರನ್ನು ನೇರವಾಗಿ ಮುಂದಕ್ಕೆ ಬಿಟ್ಟು ನಿಲ್ಲಿಸಬಹುದು, ಯಾವ ವಿದ್ಯೆಯೂ ಬೇಡ. ಬಹಳ ಜನ ಹಾಗೆ ಮಾಡುತ್ತಿದ್ದರು. ಕಾರು ಬಂತೆಂದರೆ ಆಕೆ ಬುಟ್ಟಿ ಎತ್ತಿಕೊಂಡು ಫುಟ್‌ಪಾತಿನ ಗೋಡೆಗೆ ಒತ್ತಿ ನಿಲ್ಲುವರು. ಕಾರು ಹೋದ ಮೇಲೆ ಮತ್ತೆ ತಾಟು ಹಾಸುವರು. ಮೊದಲ ದಿನ ನಮ್ಮನ್ನು ಕಂಡು, ಅತ್ತೆಯ ವಾಕರ್ ನೋಡಿ, "ಬನ್ನಿ ಅಮ್ಮಾವ್ರೇ, ನಾನ್ ಸರ್ಕೋತೀನಿ" ಎಂದು ತಾವಾಗಿ ಬುಟ್ಟಿಗೆ ಕೈ ಹಾಕಿದರು. ನಾನು ಬೇಡವೆಂದು ಕಾರನ್ನು ಮುಂದಕ್ಕೆ ಬಿಟ್ಟೆ. ಅತ್ತೆಗೆ ಸಿಟ್ಟು ಬಂತು. "ಅವಳೇ ಸರೀತೀನಿ ಅಂತಾಳೆ, ನಿನಗೇನೇ ಕಷ್ಟ? ನನ್ನ ಕಾಲಿನ ನೋವು ನಿನಗೆ ಗೊತ್ತಿಲ್ವಾ?" ಎಂದರು. ಅವರು ಕೇಳಿದ್ದರಲ್ಲಿ ಅನ್ಯಾಯವೇನಿರಲಿಲ್ಲ. ಅಂದು ಅವರು ಬಯಲಿನಿಂದ ನೂರಿಪ್ಪತ್ತು ಹೆಜ್ಜೆ ನಡೆದರು. ನಡುವೆ ಮೂರು ಸಲ ನಿಂತರು. ಪ್ರತಿ ಸಲ ನಿಂತಾಗಲೂ ನನ್ನ ಮುಖ ನೋಡಿದರು.

ಹೂವಿನಾಕೆ ತಾವಾಗಿ ಸರಿಯಲು ಒಪ್ಪಿದ್ದರಲ್ಲ, ಮತ್ತೇನು ಎಂದು ನನ್ನ ಯಜಮಾನರೂ ಕೇಳಿದರು. ಆದರೆ ಕಾರಿನ ಮುಂದೆ ಬುಟ್ಟಿ ಸರಿಯುವುದು ಒಪ್ಪಿಗೆಯೋ ರೂಢಿಯೋ? ದಿನಕ್ಕೆ ಹತ್ತು ಸಲ ಸರಿದು ಅಭ್ಯಾಸವಾದವರು ಹನ್ನೊಂದನೆಯ ಸಲ ನಗುತ್ತಲೇ ಸರಿಯುತ್ತಾರೆ. ಆ ನಗುವನ್ನು ಅನುಮತಿ ಎಂದು ಓದಿಕೊಳ್ಳುವುದು ನಮಗೆ ಅನುಕೂಲ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಪಾಡಲೆಂದು 2014ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿದೆ. ಬುಟ್ಟಿಯ ಜಾಗವೂ ಒಂದು ಜಾಗ ಎಂದು ದೇಶ ಒಪ್ಪಿಕೊಂಡಿದೆ ಎಂದಾಯಿತು. ಆದರೆ ರಸ್ತೆಯಲ್ಲಿ ಕಾರಿಗೂ ಬುಟ್ಟಿಗೂ ಎದುರುಬದುರಾದಾಗ ಸರಿಯುವುದು ಯಾವಾಗಲೂ ಬುಟ್ಟಿಯೇ. ಒಂದು ಕಡೆ ಎಂಬತ್ತನಾಲ್ಕು ವರ್ಷದ ಮುರಿದ ಸೊಂಟ, ಇನ್ನೊಂದು ಕಡೆ ಒಬ್ಬಾಕೆಯ ದಿನದ ಗಳಿಕೆ. ಯಾವುದನ್ನು ಆರಿಸಿದರೂ ಇನ್ನೊಂದಕ್ಕೆ ಮೋಸ ಎನ್ನಿಸುತ್ತಿತ್ತು. ಮನಸ್ಸನ್ನು ಎಷ್ಟು ಶುದ್ಧ ಮಾಡಿಕೊಂಡರೂ ಈ ಗಂಟು ಬಿಡಿಸಿಕೊಳ್ಳುತ್ತಿರಲಿಲ್ಲ.

ಬಿಡಿಸಿದ್ದು ಕೈ. ಕಂಬಕ್ಕೂ ಮೆಡಿಕಲ್ ಸ್ಟೋರಿನವರು ದಿನವೂ ನಿಲ್ಲಿಸುವ ಕಾರಿಗೂ ನಡುವೆ ಒಂದು 16 ಅಡಿಯ ಜಾಗವಿತ್ತು. ನಮ್ಮ ಆಲ್ಟೊದ ಉದ್ದ 3.4 ಮೀಟರು ಚಿಲ್ಲರೆ, ಅಂದರೆ ಹನ್ನೊಂದೂಕಾಲು ಅಡಿ. ಬರುವವರೆಲ್ಲ ಆ ಜಾಗವನ್ನು ನೋಡಿ, ಆಗದು ಎಂದು ತಲೆಯಾಡಿಸಿ, ಬುಟ್ಟಿಯ ಜಾಗಕ್ಕೆ ಹೋಗುತ್ತಿದ್ದರು. ಜಾಗ ಮೊದಲ ದಿನದಿಂದಲೂ ಅಲ್ಲೇ ಇತ್ತು, ಆದರೆ ಹಿಂದಕ್ಕೆ ಸರಿಯಲು ಬಾರದ ನನ್ನ ಪಾಲಿಗೆ ಅದು ಇರಲಿಲ್ಲ. ಮೈದಾನದಲ್ಲಿ ಗಳುಗಳನ್ನು 16 ಅಡಿಗೆ ನಿಲ್ಲಿಸಿ, ಒಂದೂ ಅಲುಗದಂತೆ ಸತತ ಹತ್ತು ಸಲ ಸೇರಿಸಿದ ಮೇಲೆಯೇ ಅಲ್ಲಿಗೆ ಹೋದೆ. ಹೂವಿನಾಕೆ ಎದ್ದು ಫುಟ್‌ಪಾತಿನ ಮೇಲೆ ನಿಂತು ದಾರಿ ತೋರಿಸಿದರು. ಬಸ್ ಕಂಡಕ್ಟರಂತೆ "ಬರ್ಲಿ, ಬರ್ಲಿ" ಎಂದು ಶುರುಮಾಡಿ, ಆಮೇಲೆ ತಮ್ಮ ಕಸುಬಿನ ಅಳತೆಗೇ ಬಂದರು: "ಇನ್ನೂ ಎರಡು ಮೊಳ ಐತೆ ಬನ್ನಿ... ಒಂದು ಮೊಳ... ಸಾಕು!" ಇಡೀ ದಿನ ಮೊಣಕೈಯಿಂದ ಬೆರಳತುದಿಗೆ ಹೂವಳೆಯುವವರ ಕಣ್ಣಿಗೆ ಅಂತರ ತಪ್ಪುವುದಿಲ್ಲ. ಅತ್ತೆ ಎಡಬಾಗಿಲಿನಿಂದ ನೇರ ಫುಟ್‌ಪಾತಿಗೆ ಕಾಲಿಟ್ಟು ಹನ್ನೆರಡು ಹೆಜ್ಜೆಗೆ ಗೇಟು ಮುಟ್ಟಿದರು. ಬುಟ್ಟಿ ಅದರ ಜಾಗದಲ್ಲೇ ಇತ್ತು. ಅತ್ತೆ ಹೊರಬಂದ ಮೇಲೆ ಒಂದು ಮೊಳ ಮಲ್ಲಿಗೆ ಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟರು. ಅವರ ಮಟ್ಟಿಗೆ ಅದು ದೊಡ್ಡ ಸಂಗತಿ.

ಕೌಶಲಕ್ಕೂ ನೀತಿಗೂ ಇರುವ ಸಂಬಂಧ ನನಗೆ ಸ್ವಲ್ಪ ತಿಳಿಯಾದದ್ದು ಅಲ್ಲಿ. ಕೈಗೆ ಬಾರದವನ ಮುಂದೆ ಎರಡೇ ದಾರಿಗಳಿರುತ್ತವೆ, ಎರಡರಲ್ಲೂ ಯಾರಿಗಾದರೂ ನೋವಾಗುತ್ತದೆ. ಆಗ ಅವನು, ಏನು ಮಾಡಲಿ, ಬೇರೆ ದಾರಿಯಿರಲಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಕಲಿತವನಿಗೆ ಮೂರನೆಯ ದಾರಿಯೊಂದು ಕಾಣುತ್ತದೆ. ಕೈ ಕಲಿತಷ್ಟೂ ಮನಸ್ಸಿಗೆ ಒಳ್ಳೆಯದಾಗಿ ನಡೆದುಕೊಳ್ಳುವ ಅವಕಾಶ ಹೆಚ್ಚುತ್ತದೆ. ತರಗತಿಯಲ್ಲೂ ಇದನ್ನು ಕಂಡಿದ್ದೇನೆ. ಪಾಠ ಹೇಳಲು ಒಂದೇ ವಿಧಾನ ಗೊತ್ತಿರುವ ಮೇಷ್ಟ್ರಿಗೆ ಅರ್ಥವಾಗದ ಹುಡುಗನನ್ನು ಬೈಯುವುದು ಅಥವಾ ಬಿಟ್ಟು ಮುಂದಕ್ಕೆ ಹೋಗುವುದು, ಇವೆರಡೇ ಉಳಿಯುತ್ತವೆ. ನಾಲ್ಕು ವಿಧಾನ ಬಲ್ಲವರಿಗೆ ತಾಳ್ಮೆ ಸುಲಭ. ನಾವು ಅದನ್ನು ಸ್ವಭಾವ ಎನ್ನುತ್ತೇವೆ, ಅರ್ಧಕ್ಕಿಂತ ಹೆಚ್ಚು ಅದು ಕಸುಬು.

ಎಲ್ಲ ದಿನವೂ ಆ 16 ಅಡಿ ಸಿಗುತ್ತದೆ ಎಂದಲ್ಲ. ಕೆಲವು ದಿನ ಅಲ್ಲಿ ಅಡ್ಡಾದಿಡ್ಡಿಯಾಗಿ ಎರಡು ಮೋಟಾರ್ ಬೈಕುಗಳು ನಿಂತಿರುತ್ತವೆ. ಆಗ ಬಯಲೇ ಗತಿ, ಅತ್ತೆಯ ನೋಟವೇ ಶಿಕ್ಷೆ. ಕೌಶಲ ಎಲ್ಲ ಗಂಟನ್ನೂ ಬಿಡಿಸದು. ಆದರೆ ಕೈಲಾಗುವುದನ್ನೆಲ್ಲ ಮಾಡಿಯಾದ ಮೇಲೆ ಉಳಿಯುವ ಗಂಟಿಗೂ, ಏನೂ ಕಲಿಯದೆ ಕೈಚೆಲ್ಲಿದ ಗಂಟಿಗೂ ವ್ಯತ್ಯಾಸವಿದೆ ಎಂದು ನನ್ನ ನಂಬಿಕೆ.

ಈಗ ಯಂತ್ರಗಳು ಬಂದಿವೆಯಲ್ಲ ಎನ್ನುತ್ತೀರಿ. ನಿಜ. 2003ರಲ್ಲೇ ಟೊಯೋಟಾದವರು ಜಪಾನಿನಲ್ಲಿ ತಾನಾಗಿ ಸ್ಟಿಯರಿಂಗ್ ತಿರುಗಿಸಿಕೊಂಡು ಸಾಲಿಗೆ ಸೇರುವ ಪ್ರಿಯಸ್ ಕಾರನ್ನು ಮಾರಾಟಕ್ಕಿಟ್ಟರು. ನಮ್ಮಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆಲ್ಲ ಹಿಂಬದಿಯ ಸೆನ್ಸರ್ ಕಡ್ಡಾಯ. ನಮ್ಮ ಆಲ್ಟೊ ಅದಕ್ಕಿಂತ ಹಳೆಯದು, ಅದಕ್ಕೆ ಹೂವಿನಾಕೆಯೇ ಸೆನ್ಸರ್. ಯಂತ್ರದ ಸಹಾಯವನ್ನು ಬೇಡವೆನ್ನುವವಳಲ್ಲ ನಾನು. ಒಂದು ಮಗುವಿನ ಕಾಲು ಉಳಿದರೆ ಅದಕ್ಕೆ ನಮಸ್ಕಾರ. ಆದರೆ ಸೆನ್ಸರ್ ಹೇಳುವುದು ಹಿಂದೆ ಏನೋ ಇದೆ ಎಂದಷ್ಟೆ. ಅದು ಗೋಡೆಯೋ ಬುಟ್ಟಿಯೋ, ಬುಟ್ಟಿಯಾದರೆ ಯಾರದ್ದು ಎಂದು ಅದು ಹೇಳುವುದಿಲ್ಲ.

ಡ್ರೈವಿಂಗ್ ಶಾಲೆಯ ಹುಡುಗ ಕಡೆಗೆ ಎರಡು ಪಾಠ ಹೇಳಿಕೊಟ್ಟ. ಇಳಿಯುವಾಗ ಬಲಬಾಗಿಲನ್ನು ಎಡಗೈಯಿಂದ ತೆಗೆಯಬೇಕು. ಆಗ ಮೈ ತಾನಾಗಿ ಬಲಕ್ಕೆ ತಿರುಗಿ, ಹಿಂದಿನಿಂದ ಬರುತ್ತಿರುವ ಸೈಕಲ್ಲಿನವನು ಕಣ್ಣಿಗೆ ಬೀಳುತ್ತಾನೆ. ನೆದರ್ಲೆಂಡಿನಲ್ಲಿ ಜನ ತಮ್ಮ ಕಡೆಯ ಬಾಗಿಲಿಗೆ ಹೀಗೆಯೇ ದೂರದ ಕೈ ಬಳಸುವುದು ರೂಢಿಯಂತೆ. ಒಂದು ಸಣ್ಣ ಅಭ್ಯಾಸ, ನೋಡಬೇಕೆಂದು ನೆನಪಿಲ್ಲದ ದಿನವೂ ನೋಡಿಸುತ್ತದೆ. ಎರಡನೆಯದು, ಕಾರು ಒಳಗೆ ಸೇರಿದ ಕೂಡಲೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಇಳಿದು ಮುಂದೆ ಒಮ್ಮೆ, ಹಿಂದೆ ಒಮ್ಮೆ ನೋಡಬೇಕು. ನಾವು ಇಲ್ಲದಿರುವಾಗ ಮುಂದಿನವನು ಹೊರಡಬೇಕಾದರೆ ಅವನಿಗೆ ಜಾಗವಿದೆಯೇ? ಹಿಂದಿನವನಿಗೆ? ಆ ಕಾರುಗಳ ಒಡೆಯರನ್ನು ನಾವು ಕಂಡಿರುವುದಿಲ್ಲ, ಕಾಣುವುದೂ ಇಲ್ಲ. ಅವರು ಬಂದು ಸಲೀಸಾಗಿ ಹೊರಟುಹೋದರೆ ನಮ್ಮನ್ನು ನೆನೆಯುವುದಿಲ್ಲ. ಹೊರಡಲಾಗದಿದ್ದರೆ ಮಾತ್ರ ನೆನೆಯುತ್ತಾರೆ. ಆ ಹುಡುಗ ಹೇಳಿಕೊಟ್ಟಂತೆ ನಾನು ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಇಳಿದು, ಎರಡೂ ಕಡೆ ಒಂದೊಂದು ಮೊಳಕ್ಕಿಂತ ಹೆಚ್ಚು ಇದೆಯೇ ಎಂದು ನೋಡಿಯೇ ಅತ್ತೆಯ ಕೈ ಹಿಡಿಯುತ್ತೇನೆ.